ಬತ್ತೀನಿ ಅಂದರೆ ಬರುತ್ತೇನೆ ಎಂದಲ್ಲ

ನಗುವಂಥ ಸಂಗತಿಗಳೆಲ್ಲ ನನ್ನ ಸುತ್ತಲೇ ಯಾಕೆ ನಡೆಯುತ್ತವೋ ಕಾಣೆ. ನಡೆಯುವಾಗ ನನಗೆ ಒಂದಕ್ಕೂ ನಗು ಬಂದಿಲ್ಲ, ಸಿಟ್ಟು ಬಂದಿದೆ. ನಕ್ಕವರು ಯಾವಾಗಲೂ ಬೇರೆಯವರು. ಆಯಾ ದಿನದ್ದನ್ನು ಆಯಾ ದಿನವೇ ಬರೆದಿಡುವವಳು ನಾನು. ಆದ್ದರಿಂದ ಇಲ್ಲಿ ಬಣ್ಣ ಹಚ್ಚಿದ್ದು ಏನೂ ಇಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ನಾನು ಕಡೂರು ತಾಲ್ಲೂಕಿನ ಯಗಟಿಯವಳು. ಬಿ.ಎ. ಓದಿದವಳು, ಅದೂ ಪ್ರಥಮ ದರ್ಜೆಯಲ್ಲಿ. ಪಾಸಾದ ವರ್ಷವೇ ಕೆಲಸದ ಆರ್ಡರ್ ಬಂದಿತ್ತು. ನಮ್ಮ ಮನೆಯ ಹೆಣ್ಣುಮಕ್ಕಳು ಇನ್ನೊಬ್ಬರ ಕೈಕೆಳಗೆ ದುಡಿಯುವುದಿಲ್ಲ ಎಂದು ಮಾವನವರು ಅದನ್ನು ದೇವರ ಗೂಡಿನಲ್ಲಿಟ್ಟು ಪೂಜೆ ಮಾಡಿದರೇ ಹೊರತು ನನ್ನನ್ನು ಕಳಿಸಲಿಲ್ಲ. ಆಮೇಲೆ ನಲವತ್ತು ವರ್ಷ ತೆಂಗು, ರಾಗಿ, ಕುರಿ ಇವುಗಳ ಕೈಕೆಳಗೆ ದುಡಿದೆ.

ಮಂಡಿ ಆಪರೇಷನ್ನಿಗೆಂದು ಮುಂಬಯಿಯ ಮಗಳ ಮನೆಗೆ ಬಂದೆ. ವರ್ಷವಿಡೀ ಬಂದು ತೋರಿಸುತ್ತಿರಬೇಕು ಎಂದರು ಡಾಕ್ಟರು. ತಾಯಿಯಾದವಳು ಮಗಳ ಮನೆಯಲ್ಲಿ ಬಹಳ ದಿನ ಕೂತು ಉಂಡರೆ ನಮ್ಮ ಕಡೆ ಬಾಯಿಗಳು ಸುಮ್ಮನಿರುವುದಿಲ್ಲ. ಅದಕ್ಕೇ ಕೆಲಸ ಹುಡುಕಿದೆ, ಸಿಕ್ಕಿತು. ರೈತರ ಸಹಾಯವಾಣಿ. ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ರೈತರು ಫೋನ್ ಮಾಡುತ್ತಾರೆ, ನಾನು ಮಗಳ ಅಡುಗೆಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಉತ್ತರ ಹೇಳುತ್ತೇನೆ. ಮೊದಲ ಮೂರು ತಿಂಗಳು ಪರೀಕ್ಷೆ. ಸರಿ ಕಂಡರೆ ಖಾಯಂ, ಇಲ್ಲವಾದರೆ ಮನೆಗೆ. ಅರವತ್ತು ದಾಟಿದ ಮೇಲೆ ಕೈಗೆ ಬಂದ ಮೊದಲ ಕೆಲಸ. ಇದನ್ನೂ ದೇವರ ಗೂಡಿಗೆ ಸೇರಿಸಬಾರದು ಎಂದು ಹಟ ತೊಟ್ಟೆ.

ಸಮುದ್ರದ ಬಾಡಿಗೆ

ಮಗಳು ಈ ಮನೆಗೆ ಕೊಡುವ ಬಾಡಿಗೆಯನ್ನು ಕೇಳಿ, ವರ್ಷಕ್ಕೆ ಅಷ್ಟಾದರೆ ಪರವಾಗಿಲ್ಲ ಎಂದೆ. ತಿಂಗಳಿಗೆ ಎಂದಳು. ಮಂಡಿ ಆಗ ಇನ್ನೂ ಆಪರೇಷನ್ ಆಗಿರಲಿಲ್ಲ, ಕೂತವಳನ್ನು ಎಬ್ಬಿಸಲು ಇಬ್ಬರು ಬೇಕಾಯಿತು.

ಎರಡು ಕೋಣೆಯ ಮನೆ. ನಮ್ಮ ಊರಿನಲ್ಲಿ ಕೊಬ್ಬರಿ ಒಣಗಿಸುವ ಅಟ್ಟ ಇದಕ್ಕಿಂತ ದೊಡ್ಡದು. ಆಪರೇಷನ್ ಆಗಿ ಮಂಡಿ ನೆಟ್ಟಗಾದ ಮೇಲೆ, ಇಷ್ಟಕ್ಕೆ ಅಷ್ಟು ಯಾಕೆ ಎಂದು ಕೇಳಿದರೆ, ಸಮುದ್ರ ಕಾಣುತ್ತದಲ್ಲ ಅದಕ್ಕೆ ಎಂದಳು. ಎಲ್ಲಿ ಕಾಣುತ್ತದೆ ತೋರಿಸು ಎಂದೆ. ನನ್ನನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ, ಸ್ಟೂಲಿನ ಮೇಲೆ ನಿಲ್ಲಿಸಿ, ಕಿಟಕಿಯಾಚೆ ಕತ್ತು ಚಾಚಿಸಿದಳು. ಎರಡು ಕಟ್ಟಡಗಳ ಸಂದಿಯಲ್ಲಿ ಪಂಚೆಯ ಅಂಚಿನಷ್ಟು ಅಗಲ ಏನೋ ಹೊಳೆಯುತ್ತಿತ್ತು.

"ಇಷ್ಟು ನೀರು ನೋಡೋದಕ್ಕೆ ಅಷ್ಟು ದುಡ್ಡಾ? ಮೊಳಕಾಲೂ ಮುಳುಗದ ನಮ್ಮ ಕೆರೇಲಿ ಬೇಸಿಗೇಲೂ ಇದಕ್ಕಿಂತ ಜಾಸ್ತಿ ಇರುತ್ತಲ್ಲೇ."

"ಮೆಲ್ಲಗೆ ಮಾತಾಡಮ್ಮ. ಓನರ್ ಪಕ್ಕದ ಮನೇಲೇ ಇರೋದು. ಕೆರೆ ಜ್ಞಾಪಕ ಬರುತ್ತೆ ಅಂದ್ರೆ ಅದಕ್ಕೂ ಸೇರಿಸ್ತಾರೆ."

ಬಿ.ಎ. ಮತ್ತು ಲಿಫ್ಟು

ಈ ಕಟ್ಟಡಕ್ಕೆ ಎರಡು ಲಿಫ್ಟು. ಒಂದು ಮನೆಯವರಿಗೆ, ಇನ್ನೊಂದು ಕೆಲಸದವರಿಗೆ. ಮನುಷ್ಯರು ಮೇಲೆ ಹೋಗುವುದರಲ್ಲೂ ಎರಡು ದಾರಿ ಮಾಡಿದ ಪುಣ್ಯಾತ್ಮರು ಯಾರೋ ತಿಳಿಯದು.

ಒಂದು ಬೆಳಿಗ್ಗೆ ನೂಲಿನ ಸೀರೆಯಲ್ಲಿ, ಕೈಯಲ್ಲಿ ಕರಿಬೇವಿನ ಚೀಲ ಹಿಡಿದು ಒಳಗೆ ಬಂದೆ. ಹೊಸದಾಗಿ ಬಂದಿದ್ದ ವಾಚ್‌ಮನ್ನು ಬೆರಳಿನಲ್ಲೇ ಎರಡನೆಯ ಲಿಫ್ಟು ತೋರಿಸಿದ. ನನಗೆ ರಕ್ತ ತಲೆಗೇರಿತು. ಕಾಲೇಜಿನಲ್ಲಿ ಹಿಂದಿಯನ್ನೂ ಓದಿದವಳು ನಾನು. ನಾನು ಬಿ.ಎ. ಆದವಳು, ನನಗೆ ಯಾವ ಲಿಫ್ಟು ಎಂದು ಗೊತ್ತಿದೆ ಎಂದು ಹಿಂದಿಯಲ್ಲಿ ಒಂದೊಂದು ಪದವನ್ನೂ ಬಿಡಿಸಿ ಹೇಳಿದೆ.

ಅವನು ಎದ್ದು ನಿಂತು ಬಹಳ ಮರ್ಯಾದೆಯಿಂದ ಕೈ ಮುಗಿದ. "ಅದರಲ್ಲಿ ಎಂ.ಎ. ಆದವರೂ ಹೋಗ್ತಾರೆ, ಮಾಜೀ" ಎಂದ.

ಮೂರನೆಯ ಕೂಗು

ನನ್ನ ಆಫೀಸು ಎಂದರೆ ಫ್ರಿಜ್ಜಿಗೂ ಪಾತ್ರೆ ತೊಳೆಯುವ ಸಿಂಕಿಗೂ ನಡುವೆ ಒಂದು ಕುರ್ಚಿ. ಕರೆಯ ಹಿಂದೆ ಮನೆಯ ಸದ್ದು ಕೇಳಿಸಬಾರದು, ಕೇಳಿಸಿದರೆ ಅಂಕ ಕಳೆಯುತ್ತೇವೆ ಎಂದು ಕಂಪನಿಯ ಕಟ್ಟಪ್ಪಣೆ. ಮನೆಯಲ್ಲಿ ಕೂತು ಕೆಲಸ ಮಾಡಿ ಎನ್ನುವವರೂ ಅವರೇ, ಮನೆಯ ಸದ್ದು ಬರಬಾರದು ಎನ್ನುವವರೂ ಅವರೇ.

ತರೀಕೆರೆ ಕಡೆಯ ರೈತರೊಬ್ಬರು ಅಡಿಕೆಯ ಕೊಳೆರೋಗಕ್ಕೆ ಔಷಧಿ ಕೇಳಿದರು. ಮೈಲುತುತ್ತವನ್ನು ಬೇರೆ ಕರಗಿಸಬೇಕು, ಸುಣ್ಣವನ್ನು ಬೇರೆ ಕರಗಿಸಬೇಕು ಎಂದು ನಾನು ಕ್ರಮವಾಗಿ ಹೇಳುತ್ತಿದ್ದೆ. ಅಷ್ಟರಲ್ಲಿ ಒಲೆಯ ಮೇಲಿನ ಕುಕ್ಕರ್ ಕೂಗಿತು. ಅದೇನು ಸದ್ದು ಎಂದರು. ಆಫೀಸಿನ ಪಕ್ಕ ರೈಲು ಹೋಗುತ್ತದೆ ಎಂದೆ. ಅವರು ಹೂಂ ಎಂದರು. ಸುಣ್ಣದ ತಿಳಿಗೆ ಬಂದಾಗ ಇನ್ನೊಂದು ಕೂಗು. ಬಹಳ ರೈಲು ಓಡಾಡ್ತವೆ ನಿಮ್ಮ ಕಡೆ ಎಂದರು. ದೊಡ್ಡ ಊರಲ್ಲವೇ ಎಂದೆ. ಎರಡನ್ನೂ ಸೇರಿಸುವ ಹದ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮೂರನೆಯದು.

"ಮೇಡಂ, ಸುಣ್ಣ ಆಮೇಲೆ ನೋಡಾಣ. ಬೇಳೆಗೆ ಮೂರು ಕೂಗು ಸಾಕು, ಹೋಗಿ ರೈಲು ಇಳಿಸ್ಬನ್ನಿ."

ಊಟದ ವಿಚಾರ

ನನ್ನ ಮೇಲಧಿಕಾರಿ ಉತ್ತರದ ಕಡೆಯ ಒಬ್ಬ ಹುಡುಗಿ. ನನ್ನ ಮಗಳಿಗಿಂತ ಚಿಕ್ಕವಳು. ನನ್ನನ್ನು ಹೆಸರು ಹಿಡಿದು ಕರೆಯುತ್ತಾಳೆ. ನಮ್ಮ ಅತ್ತೆಯವರೇ ಒಂದು ದಿನ ನನ್ನ ಹೆಸರು ಹಿಡಿದವರಲ್ಲ. ಆಕೆಗೆ ಕನ್ನಡ ಬಾರದು. ನಮ್ಮ ಎಲ್ಲ ಕರೆಗಳೂ ರೆಕಾರ್ಡ್ ಆಗುತ್ತವೆ, ಹಾಗೆಂದು ಶುರುವಿನಲ್ಲೇ ಒಂದು ಧ್ವನಿ ಹೇಳುತ್ತದೆ. ಆಮೇಲೆ ಒಂದು ಯಂತ್ರ ಅದನ್ನು ಇಂಗ್ಲಿಷಿಗೆ ತಿರುಗಿಸುತ್ತದೆ. ಆಕೆ ಅದನ್ನು ಓದಿ ನನಗೆ ಅಂಕ ಹಾಕುತ್ತಾಳೆ.

ಮೊದಲ ತಿಂಗಳೇ ಅಂಕ ಕಡಿಮೆ ಬಂತು. ಕಾರಣ ಕೇಳಿದರೆ, ನಾನು ಗ್ರಾಹಕರಿಗೆಲ್ಲ ಊಟ ಆಯಿತೇ ಎಂದು ಖಾಸಗಿ ಪ್ರಶ್ನೆ ಕೇಳುತ್ತಿದ್ದೇನಂತೆ. ಊಟ ಆಯಿತೇ ಎನ್ನದೆ ಮನುಷ್ಯರ ಹತ್ತಿರ ಮಾತು ಶುರು ಮಾಡುವುದಾದರೂ ಹೇಗೆ? ಹಾಗೆಂದು ಬರೆದೆ. ನಿಯಮ ನಿಯಮವೇ ಎಂದು ಉತ್ತರ ಬಂತು. ಖಾಯಂ ಆಗಬೇಕಾದವಳು, ಬಾಯಿ ಕಟ್ಟಿದೆ.

ಮಾರನೆಯ ದಿನ ಅಜ್ಜಂಪುರದ ಕಡೆಯ ಒಬ್ಬ ಅಜ್ಜಿ, ಕುರಿಮರಿ ಮೇವು ಬಿಟ್ಟಿದೆ ಎಂದು ಫೋನ್ ಮಾಡಿದರು. ನಾನು ನಮಸ್ಕಾರ ಹೇಳಿ, ನಿಮಗೆ ಹೇಗೆ ಸಹಾಯ ಮಾಡಲಿ ಎಂದು ನೇರವಾಗಿ ಕೇಳಿದೆ.

"ಯಾಕವ್ವ, ದನಿ ಸಪ್ಪಗೈತೆ? ಊಟ ಆತಾ?"

ಖಾಸಗಿ ಪ್ರಶ್ನೆಗೆ ಉತ್ತರ ಕೊಡುವಂತಿಲ್ಲ. ದಯವಿಟ್ಟು ಕುರಿಯ ವಿಷಯ ಹೇಳಿ ಎಂದೆ.

"ಉಂಡಿಲ್ಲ, ಪಾಪ. ಕುರಿ ಎಲ್ಲೂ ಹೋಗಲ್ಲ ಕಣವ್ವ. ಮೊದ್ಲು ಹೋಗಿ ಉಣ್ಣು" ಎಂದು ಫೋನ್ ಇಟ್ಟೇಬಿಟ್ಟರು.

ಆ ತಿಂಗಳು ಅತಿ ಕಡಿಮೆ ಸಮಯದಲ್ಲಿ ಸಮಸ್ಯೆ ಬಗೆಹರಿಸಿದ್ದಕ್ಕೆ ಕಂಪನಿಯಿಂದ ನನಗೆ ಮೆಚ್ಚುಗೆ ಪತ್ರ ಬಂತು.

ಯಗಟಿಯ ಸುಳಿ

ನಮ್ಮೂರಿನ ಪಕ್ಕದ ಹಳ್ಳಿಯವರೊಬ್ಬರು ತೆಂಗಿನ ಸುಳಿ ಕೊಳೆತ ವಿಷಯ ಹೇಳಿದರು. ಎರಡು ಆಗಲೇ ಹೋದವು, ಮೂರನೆಯದು ಇವತ್ತೋ ನಾಳೆಯೋ ಅನ್ನುವ ಹಾಗಿದೆ ಎಂದರು. ಕೊಳೆತ ಭಾಗ ಕೆರೆದು ಔಷಧಿ ಹಚ್ಚುವ ಬಗೆ ಹೇಳಿ ಮುಗಿಸಿದೆ. ಒಳ್ಳೆಯ ಕರೆ ಎಂದು ನನಗೇ ಅನ್ನಿಸಿತ್ತು.

ಸಂಜೆ ಮೇಲಧಿಕಾರಿ ಗಾಬರಿಯಿಂದ ಫೋನ್ ಮಾಡಿದಳು. ಸುಳಿಗೆ ಸಿಕ್ಕಿ ಇಬ್ಬರು ಹೋಗಿದ್ದಾರೆ, ಮೂರನೆಯವನು ಹೋಗುತ್ತಿದ್ದಾನೆ, ನೀವು ಅವನಿಗೆ ಮುಲಾಮು ಹಚ್ಚಲು ಹೇಳಿದ್ದೀರಿ, ದೋಣಿಯವರಿಗೆ ಯಾಕೆ ತಿಳಿಸಲಿಲ್ಲ ಎಂದಳು. ಯಂತ್ರವು ತೆಂಗಿನ ಸುಳಿಯನ್ನು ನೀರಿನ ಸುಳಿ ಮಾಡಿಬಿಟ್ಟಿತ್ತು. ಮರದ ನೆತ್ತಿಯಲ್ಲಿ ಎಳೆ ಗರಿ ಹೊರಡುವ ಜಾಗಕ್ಕೆ ನಮ್ಮಲ್ಲಿ ಸುಳಿ ಎನ್ನುತ್ತಾರೆ ಎಂದು ತಿಳಿಸಿ ಹೇಳುವಷ್ಟರಲ್ಲಿ ನನಗೆ ಸುಸ್ತಾಯಿತು.

ಹಾಗಾದರೆ ಯಾರೂ ಮುಳುಗಿಲ್ಲ ತಾನೆ ಎಂದು ಆಕೆ ಮತ್ತೆ ಮತ್ತೆ ಕೇಳಿದಳು. ಯಗಟಿಯ ಕಡೆ ಮುಳುಗಬೇಕಾದರೆ ಮನುಷ್ಯ ಮೊದಲು ಬಸ್ಸು ಹತ್ತಿ ಬೇರೆ ಊರಿಗೆ ಹೋಗಬೇಕು ಎಂದೆ.

ಬತ್ತೀನಿ

ಎರಡನೆಯ ತಿಂಗಳ ಕೊನೆಗೆ ನಿಜವಾದ ಕಂಟಕ ಬಂತು. ಮೇಲಧಿಕಾರಿ ನನ್ನನ್ನು ಕಂಪ್ಯೂಟರಿನ ಪರದೆಯಲ್ಲಿ ಎದುರಿಗೆ ಕೂರಿಸಿಕೊಂಡು, ಬೇರೆಯವರ ಗ್ರಾಹಕರೆಲ್ಲ ಸಮಾಧಾನವಾಗಿ ಕರೆ ಮುಗಿಸುತ್ತಾರೆ, ನಿಮ್ಮ ಗ್ರಾಹಕರು ಮಾತ್ರ ಕೊನೆಯಲ್ಲಿ ನಾನು ಬರುತ್ತೇನೆ ಎಂದು ಹೆದರಿಸುತ್ತಾರೆ ಎಂದಳು. ಅದಕ್ಕೆ ನಾನು ಬನ್ನಿ, ಬನ್ನಿ ಎಂದು ಎದುರು ಸವಾಲು ಹಾಕಿದ್ದೇನಂತೆ. ಕಂಪನಿಯ ಬಾಗಿಲಿಗೆ ಇನ್ನೊಬ್ಬ ಕಾವಲುಗಾರನನ್ನು ಹಾಕಬೇಕೇ ಎಂಬ ಚರ್ಚೆಯೂ ನಡೆದಿದೆಯಂತೆ.

ನನಗೆ ಅಳಬೇಕೋ ಬೈಯಬೇಕೋ ತಿಳಿಯಲಿಲ್ಲ. ಹೊರಡುವವರು ಹೋಗುತ್ತೇನೆ ಎನ್ನಬಾರದು, ಅಪಶಕುನ. ಅದಕ್ಕೇ ಬತ್ತೀನಿ ಎನ್ನುತ್ತಾರೆ. ಕೇಳಿಸಿಕೊಂಡವರು ಬನ್ನಿ ಎನ್ನುತ್ತಾರೆ. ಇಬ್ಬರಿಗೂ ಗೊತ್ತು, ಇದು ಹೋಗುವ ಮಾತು ಎಂದು. ಇದನ್ನು ನಾನು ಒಳ್ಳೆಯ ಇಂಗ್ಲಿಷಿನಲ್ಲಿ ಟಿಪ್ಪಣಿ ಮಾಡಿ ಬರೆದೆ. ಕೊನೆಗೆ, ಸಿಟ್ಟಿನಲ್ಲಿ, ಒಂದು ಮಾತು ಹೆಚ್ಚಾಗಿಯೇ ಸೇರಿಸಿದೆ: ಬತ್ತೀನಿ ಎಂದವರು ಯಾರೂ ಬರುವುದಿಲ್ಲ, ಇದಕ್ಕೆ ನಾನೇ ಹೊಣೆ. ಕೆಳಗೆ ಸಹಿ ಹಾಕಿ, ಪಕ್ಕದಲ್ಲಿ ಬಿ.ಎ. ಎಂದೂ ಬರೆದೆ.

ಟಿಪ್ಪಣಿ ಬಹಳ ಚೆನ್ನಾಗಿದೆ, ಒಪ್ಪಿದ್ದೇವೆ ಎಂದು ಉತ್ತರ ಬಂತು. ಅದರ ಕೆಳಗೆ ಇನ್ನೊಂದು ಸಾಲು: ಆದರೂ ಒಬ್ಬರಾದರೂ ಬಂದಲ್ಲಿ ತಮ್ಮನ್ನು ಖಾಯಂ ಮಾಡುವ ವಿಷಯವನ್ನು ಮತ್ತೆ ಯೋಚಿಸಬೇಕಾಗುತ್ತದೆ.

ಬರಲಿ ನೋಡೋಣ ಎಂದುಕೊಂಡೆ. ಹಾಗೆ ಅಂದುಕೊಳ್ಳಬಾರದಿತ್ತು.

ಮನೆಗೆಲಸ

ನನ್ನ ಹೆಸರಿನ ಖಾತೆಯಲ್ಲಿರುವ ತೆಂಗಿನ ತೋಟವನ್ನು ಊರಿನಲ್ಲಿ ನೋಡಿಕೊಳ್ಳುವವನು ನನ್ನ ಮೈದುನ. ಒಳ್ಳೆಯವನು, ಬಾಯಿ ಮಾತ್ರ ಸಡಿಲ. ಒಂದು ದಿನ ಸಹಾಯವಾಣಿಗೆ ಬಂದ ಕರೆ ಅವನದೇ. ನನ್ನ ಧ್ವನಿ ಅವನಿಗೆ ಗುರುತು ಸಿಗಲಿಲ್ಲ, ಏಕೆಂದರೆ ನಾನು ಕೆಲಸದಲ್ಲಿ ಪುಸ್ತಕದ ಕನ್ನಡ ಮಾತಾಡುತ್ತೇನೆ. ತೆಂಗಿಗೆ ನುಸಿ ಬಿದ್ದಿದೆ, ಕಾಯಿ ಮೇಲೆಲ್ಲ ಕಂದು ಕಲೆ ಎಂದ. ತೋಟ ನಿಮ್ಮದೇ ತಾನೆ ಎಂದು ಗೊತ್ತಿಲ್ಲದವಳಂತೆ ಕೇಳಿದೆ.

"ನಮ್ ಅತ್ತಿಗೇರ್ದು ಮೇಡಂ. ಅವ್ರು ಊರಲ್ಲಿಲ್ಲ. ಬೊಂಬಾಯಲ್ಲಿ ಮನೆಗೆಲ್ಸ ಮಾಡ್ಕಂಡವ್ರೆ, ಪಾಪ. ಬಿ.ಎ. ಓದಿದ್ರೂ ಹಣೇಲಿ ಬರ್ದಿದ್ದು ತಪ್ಪಲ್ಲ ನೋಡಿ."

ಅಮ್ಮ ಮನೆಯಿಂದಲೇ ಕೆಲಸ ಮಾಡುತ್ತಾಳೆ ಎಂದು ಮಗಳು ಊರಿಗೆ ಫೋನಿನಲ್ಲಿ ಹೇಳಿದ್ದಳು. ನಮ್ಮೂರಿನ ಸಿಗ್ನಲ್ಲು ನಡುವಿನ ಅಕ್ಷರಗಳನ್ನು ನುಂಗಿ, ಮನೆ, ಕೆಲಸ ಎಂಬ ಎರಡನ್ನು ಮಾತ್ರ ಉಳಿಸಿತ್ತು. ಇಡೀ ಯಗಟಿ ನನ್ನನ್ನು ಮುಂಬಯಿಯ ಯಾರದೋ ಮನೆಯ ಕಸಬರಿಕೆಯ ಜೊತೆ ಊಹಿಸಿಕೊಂಡು ಕೂತಿದೆ.

"ಸರ್, ನಿಮ್ಮ ಅತ್ತಿಗೆಯವರು ಮಾಡುತ್ತಿರುವುದು ಮನೆಗೆಲಸವಲ್ಲ, ಮನೆಯಿಂದ ಕೆಲಸ" ಎಂದೆ.

"ನಿಮ್ಗೆಂಗೆ ಗೊತ್ತು ಮೇಡಂ?"

ನಾನು ಕೆಮ್ಮಿ ಮಾತು ಮರೆಸಲು ನೋಡಿದೆ.

"ಅತ್ತಿಗೇ?"

ಇನ್ನು ಪುಸ್ತಕದ ಕನ್ನಡ ಹಿಡಿದಿಟ್ಟುಕೊಳ್ಳಲು ಆಗಲಿಲ್ಲ. "ಏನಪ್ಪಾ, ಬುಡಕ್ಕೆ ಬೇವಿನ ಹಿಂಡಿ ಹಾಕು ಅಂತ ಬರೋವಾಗ ಬಾಯಿ ಬಡ್ಕೊಂಡಿದ್ನಲ್ಲ, ಹಾಕಿದ್ಯಾ?"

"ಮೇಡಂ, ದನಿ ಸರಿಯಾಗಿ ಕೇಳಿಸ್ತಿಲ್ಲ" ಎಂದ.

ಕೇಳಿಸುವ ಹಾಗೆ ಹೇಳಿದೆ. ಹಿಂಡಿ ಎಷ್ಟು ಹಾಕಬೇಕು, ಯಾವಾಗ ಹಾಕಬೇಕು, ಊರಿನಲ್ಲಿ ಯಾರಿಗೆ ಏನು ಹೇಳಬೇಕು ಎಲ್ಲವನ್ನೂ ಹೇಳಿದೆ. ಮೊದಲಿನ ಎರಡಕ್ಕೆ ಹೂಂಗುಟ್ಟಿದ. ಮೂರನೆಯದಕ್ಕೆ ಮಾತ್ರ, ಬಿ.ಎ. ಓದಿದವರು ಅಡುಗೆಮನೆಯಲ್ಲಿ ಕೂತು ಆಫೀಸು ನಡೆಸುತ್ತಾರೆ ಅಂದರೆ ಊರವರು ನಂಬುವುದಿಲ್ಲ, ಕಣ್ಣಾರೆ ಕಂಡವರು ಹೇಳಬೇಕು ಎಂದ.

"ಆಯ್ತು ಅತ್ತಿಗೆ, ಬತ್ತೀನಿ."

"ಹೂಂ, ಬಾರಪ್ಪ" ಎಂದೆ, ರೂಢಿಯಂತೆ.

ಕರೆ ಹೇಗಿತ್ತು ಎಂದು ಯಂತ್ರ ಅವನನ್ನು ಕೇಳಿದ್ದಕ್ಕೆ, ಮನೆಯವರ ಜೊತೆ ಮಾತಾಡಿದ ಹಾಗೆ ಬೈದರು ಎಂದು ಹೇಳಿ ಪೂರ್ತಿ ಅಂಕ ಕೊಟ್ಟಿದ್ದ.

ಕೊನೆಯ ಪರೀಕ್ಷೆ

ಮೂರನೆಯ ತಿಂಗಳ ಕೊನೆ. ಖಾಯಂ ಮಾಡುವುದೋ ಬಿಡುವುದೋ ಎಂದು ತೀರ್ಮಾನಿಸುವ ದಿನ. ಪರದೆಯಲ್ಲಿ ನನ್ನ ಮೇಲಧಿಕಾರಿ, ಅವಳ ಮೇಲಿನವರೊಬ್ಬರು, ಅವರ ಮೇಲಿನ ವಯಸ್ಸಾದ ದೊಡ್ಡ ಸಾಹೇಬರು. ನಾನು ರೇಷ್ಮೆ ಸೀರೆ ಉಟ್ಟು, ಹಿಂದಿನ ಪಾತ್ರೆಯ ಸ್ಟ್ಯಾಂಡಿಗೆ ಬೆಡ್‌ಶೀಟು ಹೊದಿಸಿ, ಕುಕ್ಕರನ್ನು ಕಪಾಟಿನಲ್ಲಿಟ್ಟು ಕೂತಿದ್ದೆ. ನಾವು ಆಡಿದ ಮಾತೆಲ್ಲ ಆಗಿಂದಾಗಲೇ ಇಂಗ್ಲಿಷಾಗಿ ಪರದೆಯ ಕೆಳಗೆ ಬರುತ್ತಿತ್ತು.

ಎಲ್ಲ ಚೆನ್ನಾಗಿಯೇ ನಡೆಯಿತು. ಮೇಲಧಿಕಾರಿ ನನ್ನ ಟಿಪ್ಪಣಿಯನ್ನು ಓದಿ ಹೇಳಿ, ಇವರು ಬರೆದಂತೆಯೇ ಇದುವರೆಗೆ ಯಾರೂ ಬಂದಿಲ್ಲ ಎಂದಳು. ನಾನು ಸೆರಗು ಸರಿಮಾಡಿಕೊಂಡೆ. ಬಾಗಿಲ ಗಂಟೆ ಬಡಿಯಿತು.

ಮಗಳು ಬ್ಯಾಂಕಿಗೆ ಹೋಗಿದ್ದಳು. ಗಂಟೆ ಬಿಡದೆ ಬಡಿದುಕೊಳ್ಳುತ್ತಿತ್ತು. ಅಪ್ಪಣೆ ಕೇಳಿ, ಎದ್ದು ಬಾಗಿಲು ತೆಗೆದೆ. ಹೆಗಲ ಮೇಲೆ ಚೀಲ ಹೊತ್ತು ಮೈದುನ ನಿಂತಿದ್ದ.

"ಅತ್ತಿಗೆ, ಕೆಳಗಿರೋನು ಕೆಲಸ್ದೋರ ಲಿಫ್ಟಲ್ಲಿ ಕಳ್ಸಿದ. ನೀವೂ ಅದ್ರಲ್ಲೇ ಓಡಾಡೋದಾ?"

"ಮೆಲ್ಲಗೆ ಮಾತಾಡೋ. ಒಂದು ಮಾತು ಹೇಳ್ದೆ ಕೇಳ್ದೆ ಇಷ್ಟು ದೂರ ಯಾಕೆ ಬಂದೆ?"

"ಹೇಳಿದ್ನಲ್ಲ. ಬತ್ತೀನಿ ಅಂದೆ, ಬಾರಪ್ಪ ಅಂದ್ರಿ. ರೆಕಾರ್ಡ್ ಆಗೈತೆ, ಬೇಕಾದ್ರೆ ಕೇಳಿಸ್ಕಳಿ."

ಎರಡೇ ಕೋಣೆಯ ಮನೆ. ಬಾಗಿಲಿನಲ್ಲಿ ಆಡಿದ್ದು ಅಡುಗೆಮನೆಯಲ್ಲಿ ಕೇಳದೆ ಇರುತ್ತದೆಯೇ? ತಿರುಗಿ ನೋಡಿದರೆ ಪರದೆಯಲ್ಲಿ ಮೂರು ತಲೆಗಳೂ ಬಗ್ಗಿ ಕೆಳಗಿನ ಸಾಲುಗಳನ್ನು ಓದುತ್ತಿದ್ದವು. ಇವರು ಗ್ರಾಹಕರೇ ಎಂದು ಮೇಲಧಿಕಾರಿ ಸಣ್ಣ ದನಿಯಲ್ಲಿ ಕೇಳಿದಳು. ಆಡಿದ ಮಾತಿಗೆ ಸಹಿ ಹಾಕಿದವಳು ನಾನು. ಹೌದು, ಗ್ರಾಹಕರೇ ಎಂದೆ. ಅಲ್ಲಿಗೆ ನನ್ನ ಕೆಲಸದ ಕಥೆ ಮುಗಿಯಿತು ಎಂದುಕೊಂಡು ಕುರ್ಚಿಯಲ್ಲಿ ಕೂತೆ.

ಮೈದುನ ಯಾರ ಅಪ್ಪಣೆಗೂ ಕಾಯಲಿಲ್ಲ. ಪರದೆಗೆ ಕೈ ಮುಗಿದು, ಚೀಲವನ್ನು ನೆಲಕ್ಕೆ ಸುರಿದ. ತೆಂಗಿನಕಾಯಿಗಳು ಫ್ರಿಜ್ಜಿನ ಕೆಳಕ್ಕೆಲ್ಲ ಉರುಳಿದವು. "ನುಸಿ ಬಿದ್ದ ಕಾಯನ್ನ ಫೋನಲ್ಲೆಂಗೆ ತೋರ್ಸೋದು ಅಂತ ತಂದೆ. ನೀವು ಹೇಳ್ದಂಗೆ ಹಿಂಡಿ ಹಾಕಿವ್ನಿ, ಇನ್ನೇನ್ ಮಾಡ್ಬೇಕು ನೋಡಿ ಹೇಳಿ" ಎಂದು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ.

ಅದುವರೆಗೆ ಬಾಯಿ ಬಿಡದಿದ್ದ ದೊಡ್ಡ ಸಾಹೇಬರು ಒಂದು ಕಾಯನ್ನು ಹತ್ತಿರ ಹಿಡಿಯಲು ಹೇಳಿದರು. ಹಿಡಿದೆ. ಇದು ನುಸಿಯ ಗುರುತು, ತೊಟ್ಟಿನ ಕೆಳಗೆ ಶುರುವಾಗಿ ಹೀಗೆ ಸೀಳುತ್ತದೆ ಎಂದೆ. ಇನ್ನೊಂದು ತೋರಿಸಿ ಎಂದರು. ಇದರಲ್ಲಿ ನುಸಿಯಿಲ್ಲ, ಇದು ಕೀಳುವಾಗ ಮೈದುನನ ಅಜಾಗರೂಕತೆಯಿಂದ ಬಿದ್ದ ಪೆಟ್ಟು ಎಂದೆ. ಮೈದುನ ತಲೆ ತಗ್ಗಿಸಿದ. ಒಂದಾದ ಮೇಲೊಂದು ಇಡೀ ಚೀಲ ಮುಗಿಯಿತು. ಬೆಡ್‌ಶೀಟು ಯಾವಾಗಲೋ ಜಾರಿ ಬಿದ್ದು ನನ್ನ ಪಾತ್ರೆಗಳೆಲ್ಲ ಕಂಪನಿಗೆ ಕಾಣುತ್ತಿದ್ದವು.

ಈ ಸಹಾಯವಾಣಿ ಶುರುವಾದ ಮೇಲೆ, ಹೇಳಿದ ಸಲಹೆಯನ್ನು ಪಾಲಿಸಿ, ಮುಂದೇನು ಎಂದು ಕೇಳಲು ರೈಲು ಹತ್ತಿ ಬಂದ ಗ್ರಾಹಕ ಇವರೊಬ್ಬರೇ ಎಂದು ನಕ್ಕುಬಿಟ್ಟರು ದೊಡ್ಡ ಸಾಹೇಬರು. ಖಾಯಂ ಎಂದರು. ಟಿಪ್ಪಣಿಯಲ್ಲಿ ಒಂದು ತಿದ್ದುಪಡಿ ಮಾತ್ರ ಮಾಡಬೇಕು ಎಂದಳು ಮೇಲಧಿಕಾರಿ. ಅಲ್ಲೇ ಮಾಡಿದೆ: ಬತ್ತೀನಿ ಎಂದವರು ಯಾರೂ ಬರುವುದಿಲ್ಲ, ಮೈದುನರನ್ನು ಹೊರತುಪಡಿಸಿ. ಆಕೆ ಅಂದು ಮೊದಲ ಸಲ ನನ್ನನ್ನು ಮೇಡಂ ಎಂದಳು.

ಪರದೆ ಆರಿಸಿದೆ. ನಲವತ್ತು ವರ್ಷ ತಡವಾಗಿ ಬಂದ ಆರ್ಡರು. ಕಣ್ಣು ಒರೆಸಿಕೊಂಡು, ರೇಷ್ಮೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅಷ್ಟು ದೂರ ಬಂದವನಿಗೆ ಕಾಫಿ ಮಾಡೋಣವೆಂದು ಸಿಂಕಿನಲ್ಲಿದ್ದ ಬೆಳಗಿನ ಪಾತ್ರೆಗಳನ್ನು ತೊಳೆಯಲು ನಿಂತೆ. ಇನ್ನಾದರೂ ಊರಿನ ಬಾಯಿ ಮುಚ್ಚುತ್ತದಲ್ಲ ಎಂದು ಸಮಾಧಾನವಾಗಿತ್ತು. ಬೆನ್ನ ಹಿಂದೆ ಮೈದುನ ಊರಿಗೆ ಫೋನ್ ಮಾಡಿ, ಯಗಟಿ ಬಸ್‌ಸ್ಟ್ಯಾಂಡಿಗೇ ಕೇಳಿಸುವಂಥ ದನಿಯಲ್ಲಿ ಹೇಳುತ್ತಿದ್ದ:

"ಆಫೀಸ್ ಕೆಲ್ಸನೇ ಕಣ್ರೋ, ನಾನೇ ಕಣ್ಣಾರೆ ಕಂಡೆ. ಪರ್ಮನೆಂಟೂ ಆಯ್ತು. ಆದ್ರೆ ಆ ಆಫೀಸ್ನೋರು ಪಾತ್ರೇನೂ ತೊಳಸ್ತಾರೆ."